ಅಪ್‌ಡೇಟ್: ತೋಟದ ಹಳ್ಳದಿಂದ ಮನೆಗೆ ಕರೆಂಟು ಬಂತು

ಮಳೆಗಾಲದಲ್ಲಿ ನಮ್ಮ ಮಲೆನಾಡಿನ ಮನೆಗೆ ಸೋಲಾರ್ ಸಾಕಾಗುವುದಿಲ್ಲ, ತೋಟದ ಮೇಲಿನ ಹಳ್ಳದಿಂದ ಕರೆಂಟು ಮಾಡಬಹುದಾ ಎಂದು ಕೇಳಿದ್ದೆ. ಸಲಹೆ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ಪಿಕೋ ಹೈಡ್ರೋ, ಅಂದರೆ ಬೀಳುವ ನೀರಿನಿಂದ ಮನೆಮಟ್ಟಿಗೆ ಕರೆಂಟು ಮಾಡುವ ಪುಟ್ಟ ಘಟಕ, ಕೂರಿಸಿದ್ದೇವೆ, ಚೆನ್ನಾಗಿ ಓಡುತ್ತಿದೆ.

ನೀರು ಬೀಳುವ ಎತ್ತರ 20 ಮೀಟರ್, ಸೆಕೆಂಡಿಗೆ 8 ಲೀಟರ್ ಸಿಕ್ಕಿತು. ಎರಡನ್ನೂ ಗುಣಿಸಿ, ಮತ್ತೆ 9.8ರಿಂದ ಗುಣಿಸಿದರೆ ಸುಮಾರು 1,570 ವ್ಯಾಟ್. ಪೈಪು, ಟರ್ಬೈನು (ನೀರಿನ ರಭಸಕ್ಕೆ ತಿರುಗುವ ಚಕ್ರ), ಜನರೇಟರಿನಲ್ಲಿ ಅರ್ಧದಷ್ಟು ನಷ್ಟ. ಕೈಗೆ ಸಿಗುವುದು 750 ವ್ಯಾಟ್ ಆಸುಪಾಸು. ಕಡಿಮೆ ಅನ್ನಿಸುತ್ತದೆ, ಅಲ್ವಾ? ಆದರೆ ಹಗಲು ರಾತ್ರಿ ಬಿಡದೆ ಬರುತ್ತದೆ. ದಿನಕ್ಕೆ 18 ಯೂನಿಟ್!

ಬ್ಯಾಟರಿ ಬೇಕಾಗಿಲ್ಲ. ಮನೆಯಲ್ಲಿ ಬಳಕೆ ಇಳಿದರೆ ಟರ್ಬೈನಿನ ವೇಗ ಏರಿ ವೋಲ್ಟೇಜ್ ಜಾಸ್ತಿಯಾಗುತ್ತದೆ. ಅದಕ್ಕೇ ಲೋಡ್ ಕಂಟ್ರೋಲರ್ ಇರುವುದು. ಮಿಕ್ಕ ಕರೆಂಟನ್ನು ಅದು ಬಚ್ಚಲುಮನೆಯ ಹೀಟರಿಗೆ ಕಳಿಸುತ್ತದೆ. ಅಮ್ಮನಿಗಂತೂ ಇದೇ ದೊಡ್ಡ ಖುಷಿ. ಸ್ನಾನದ ನೀರು ಯಾವಾಗಲೂ ಬಿಸಿ, ಒದ್ದೆ ಸೌದೆ ಊದುವ ಕಷ್ಟವಿಲ್ಲ.

ತಲೆನೋವು ಎಂದರೆ ದರಕು, ಅಂದರೆ ಉದುರಿದ ಎಲೆ. ಪೈಪಿನ ಬಾಯಿಗೆ ಜಾಲರಿ ಇದ್ದರೂ ಜೋರು ಮಳೆಯಲ್ಲಿ ದಿನಾ ಹೋಗಿ ಬಾಚಬೇಕು. ಎಲೆ ಕಟ್ಟಿ ಪೈಪಿಗೆ ಗಾಳಿ ಹೊಕ್ಕರೆ ಮನೆಯಲ್ಲಿ ಲೈಟು ಮಿಣುಕುತ್ತದೆ, ಕೂತಲ್ಲೇ ಗೊತ್ತಾಗುತ್ತದೆ.

ಡಿಸೆಂಬರ್ ಕಳೆದರೆ ಹಳ್ಳ ಸೊರಗುತ್ತದೆ. ಆಗ ಒಳ್ಳೆ ಬಿಸಿಲು, ಹಳೆಯ ಸೋಲಾರ್ ಪ್ಯಾನೆಲ್ಲೇ ಸಾಕು. ಈಗ ಕೆಳಗಿನ ಮನೆಯವರೂ ಕೂರಿಸಲು ಹೊರಟಿದ್ದಾರೆ. ನಮ್ಮ ಟರ್ಬೈನಿನಿಂದ ಹೊರಬಿದ್ದ ನೀರು ಒಂದು ಹನಿಯೂ ಕಡಿಮೆಯಾಗದೆ ಅವರ ಕಡೆಗೇ ಇಳಿಯುತ್ತದೆ. ಪೈಪಿನ ಅಳತೆ ಬೇಕಿದ್ದವರು ಕೇಳಿ, ಹೇಳುತ್ತೇನೆ.