ಸಹಾಯ ಬೇಕು: ಅಪ್ಪನ 1968ರ ಫಿಯೆಟ್‌ಗೆ ದಾವಣಗೆರೆ ಕಡೆ ಒಳ್ಳೆ ಟಿಂಕರ್ (ಬಾಡಿಯ ತಗಡು ಕೆಲಸದವರು) ಯಾರಿದ್ದಾರೆ?

ಎಲ್ಲರಿಗೂ ನಮಸ್ಕಾರ. ಮೇ ತಿಂಗಳಲ್ಲಿ ರಿಟೈರ್ ಆದೆ. ಸುಮ್ನೆ ಕೂರಬೇಡಿ ಅಂತ ಮಗಳು ಹಠ ಹಿಡಿದಳು, ಅದಕ್ಕೆ ಹರಿಹರದ ಹತ್ರ ನಮ್ಮೂರ ಕೊಟ್ಟಿಗೆಯಲ್ಲಿ 22 ವರ್ಷ ನಿಂತಿದ್ದ ಫಿಯೆಟ್ 1100ಡಿಯನ್ನು ಲಾರಿಗೆ ಹೇರಿ ವಿದ್ಯಾನಗರದ ಮನೆಗೆ ತಂದೆವು. ಹಿಂದಿನ ಸೀಟಿನ ಹೊಟ್ಟೆಯಲ್ಲಿ ಇಲಿಗಳು ಕೂಡಿಟ್ಟ ಮೆಕ್ಕೆಜೋಳವೇ ಎರಡು ಸೇರು ಸಿಕ್ಕಿತು!

ಇಂಜಿನ್ ಜಾಮ್ ಆಗಿತ್ತು. ಪ್ಲಗ್ ಬಿಚ್ಚಿ, ನಾಲ್ಕೂ ಸಿಲಿಂಡರಿಗೆ ಡೀಸೆಲ್ಲು, ಆಯಿಲ್ಲು ಬೆರೆಸಿ ಸುರಿದು ಎಂಟು ದಿನ ಬಿಟ್ಟೆವು. ಆಮೇಲೆ ಟಾಪ್ ಗೇರಿಗೆ ಹಾಕಿ ನಾನು, ಅಳಿಯ, ಮೊಮ್ಮಗ ಹಿಂದೆ ಮುಂದೆ ತಳ್ಳುತ್ತಾ ಇದ್ದಾಗ ಟಕ್ ಅಂತ ಬಿಟ್ಟುಕೊಂಡು ಫ್ಯಾನ್ ತಿರುಗಿತು. ಅವತ್ತು ಎಲ್ಲರಿಗೂ ಬೆಣ್ಣೆ ದೋಸೆ ನನ್ನ ಲೆಕ್ಕದಲ್ಲಿ.

ಈಗ ತಲೆನೋವು ತಳದ್ದು. ಡ್ರೈವರ್ ಕಾಲಿನ ಕೆಳಗೆ ತಗಡು ತಿಂದುಹೋಗಿ ನೆಲ ಕಾಣುತ್ತದೆ. ಒಬ್ಬರು ಪುಟ್ಟಿ ಹಾಕಿ ಮುಚ್ಚೋಣ ಅಂದರು, ನಾನು ಒಪ್ಪಲಿಲ್ಲ. ಈ ಗಾಡಿಗೆ ಬೇರೆ ಚಾಸಿ (ಅಡಿಯ ಚೌಕಟ್ಟು) ಇಲ್ಲ, ಬಾಡಿಯೇ ಚಾಸಿ, ಅಲ್ವಾ? ಕೊಳೆತದ್ದನ್ನು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡುವವರು ದಾವಣಗೆರೆಯಲ್ಲೋ ಚಿತ್ರದುರ್ಗದಲ್ಲೋ ಇದ್ದರೆ ಹೇಳಿ. ನಾಲ್ಕೂ ಡ್ರಮ್ ಬ್ರೇಕು, ವೀಲ್ ಸಿಲಿಂಡರ್ ಎಲ್ಲಾ ತುಕ್ಕು. ಪ್ರೀಮಿಯರ್ ಪದ್ಮಿನಿ ಕಾರಿನದ್ದು ಇದಕ್ಕೆ ಹೊಂದುತ್ತದಾ? ಹಾಕಿ ನೋಡಿದವರೇ ಹೇಳಿದರೆ ಒಳ್ಳೆಯದು.

ಇನ್ನೊಂದು, ಆರ್‌ಸಿ ಇನ್ನೂ ಅಪ್ಪನ ಹೆಸರಲ್ಲೇ ಇದೆ, ಮೈಸೂರು ರಾಜ್ಯದ ಕಾಲದ ನಂಬರು. 50 ವರ್ಷ ದಾಟಿದ ಗಾಡಿಗೆ 2021ರ ನಿಯಮದಲ್ಲಿ 'ವಿಎ' ಸರಣಿಯ ವಿಂಟೇಜ್ ನೋಂದಣಿ ಇದೆಯಲ್ಲ, ಅದನ್ನು ಮಾಡಿಸಿದವರು ಯಾರಾದರೂ ಇದ್ದೀರಾ? ಮೊದಲು ಹೆಸರು ಬದಲಾಯಿಸಬೇಕಾ?