ಹಳೇ ಕೂಲರಿನ ಪತ್ರಾದಾಗ ಏಕತಾರಿ: ಬಿಲ್ ವುಡ್ರೋ ರೀತಿಯ ಕೆಲಸಕ್ಕ ಸಲಹಾ ಬೇಕ್ರಿ

ಶಿಲ್ಪ ವಿಭಾಗ, ವಿಜಯಪುರ:
ಬ್ರಿಟನ್ನಿನ ಶಿಲ್ಪಿ ಬಿಲ್ ವುಡ್ರೋ 1981ರಾಗ ಮಾಡಿದ ‘ಟ್ವಿನ್-ಟಬ್ ವಿತ್ ಗಿಟಾರ್’ ರೀತಿ ಒಂದು ಕೆಲಸ ಹಚ್ಚೀನ್ರಿ. ಎರಡು ತೊಟ್ಟಿ ವಾಷಿಂಗ್ ಮಷೀನಿನ ತಗಡು ಕತ್ತರಿಸಿ ಗಿಟಾರ್ ಮಾಡ್ಯಾರ, ಆದ್ರ ಗಿಟಾರ್ ಮಷೀನಿಗೆ ಒಂದು ಪಟ್ಟಿಯಿಂದ ಇನ್ನೂ ಹತ್ತಿಕೊಂಡೇ ಅದ. ನನ್ನ ಕಡೆ ಗುಜರಿಯಿಂದ ತಂದ ಜಿಐ (ಸತು ಲೇಪಿಸಿದ ಕಬ್ಬಿಣ) ಪತ್ರಾದ ಕೂಲರ್ ಅದ, 24 ಗೇಜ್ ದಪ್ಪದ್ದು. ಅದರಾಗ ಏಕತಾರಿ ತೆಗೀಬೇಕು. ತುಂಡು ಪತ್ರಾದ ಮ್ಯಾಲೆ ನೋಡಿದ್ರ ಪಟ್ಟಿ ಎರಡು ಮೂರು ಸಲ ಬಗ್ಗಿಸೋದ್ರಾಗ ಮುರೀತದ. ಗ್ರೈಂಡರ್ ಹಚ್ಚಿದ್ರ ಅಂಚು ಕರ್ರಗಾಗಿ ಪತ್ರಾ ಸೊಟ್ಟ ಆಗ್ತದ.

ಪತ್ರಾ ಕೆಲಸ, ಬೆಳಗಾವಿ:
ಮೊದಲ ಏಕತಾರಿ ಬಿಡ್ರಿ. ಅದರ ಬುರುಡಿ ಎರಡೂ ಕಡೆ ಉಬ್ಬಿರತೈತಿ; ಪತ್ರಾ ಒಂದೇ ದಿಕ್ಕಿಗೆ ಬಾಗತೈತಿ, ಎರಡೂ ಕಡೆ ಉಬ್ಬಿಸಾಕ ಹೋದ್ರ ಸುಕ್ಕು ಬೀಳತೈತಿ. ಬೀಸಣಿಕಿ ಮಾಡ್ರಿ. ಚಪ್ಪಟಿ ಎಲಿ, ಸುತ್ತಿದ ಹಿಡಿಕಿ, ಅಷ್ಟ. ಮತ್ತ ಕರೆಂಟ್ ಹೋದಾಗ ಕೂಲರ್ ಬದಲಿ ಕೈಗೆ ಬರೋದು ಅದ. ನೋಡಿದವ್ರು ತಾವಾಗೇ ನಗತಾರ.

ಪಕ್ಕದ ಬಾಗಿಲದಾಗ ಹುಲ್ಲಿನ ಜಾಳಿಗೆ ಕೊರದಿರತಾರ, ಸಪಾಟ ಪತ್ರಾ ಸಿಗೋದು ಮ್ಯಾಲಿನ ಮುಚ್ಚಳದಾಗ. ಮುಚ್ಚಳ 60×60 ಸೆಂ.ಮೀ. ಇದ್ರ ಮೂಲಿಯಿಂದ ಮೂಲಿಗೆ ಸುಮಾರು 85 ಬರತೈತಿ. ಆ ಗೆರಿ ಮ್ಯಾಲೆ 28 ಸೆಂ.ಮೀ. ಎಲಿ, 35 ಸೆಂ.ಮೀ. ಹಿಡಿಕಿ ಕೂಡತಾವ, ಸುತ್ತ 4 ಸೆಂ.ಮೀ. ಅಂಚು ಮುಟ್ಟಬ್ಯಾಡ್ರಿ, ಅದು ಹೋದ್ರ ಮುಚ್ಚಳ ಲಡಲಡ ಅಂತೈತಿ. ಹಿಡಿಕಿ ತುದಿ ಮತ್ತ ಮೂಲಿ ನಡುವ ಉಳಿಯೋದು 10 ಸೆಂ.ಮೀ. ಚಿಲ್ಲರ. ಅದರಾಗ ಅಂಚು ಬಿಟ್ಟು ಉಳಿದದ್ದು ನಿಮ್ಮ ಪಟ್ಟಿ. ಅಗಲ 3 ಸೆಂ.ಮೀ.ಗಿಂತ ಕಡಿಮಿ ಬ್ಯಾಡ.

ಪಟ್ಟಿ ಮುರಿಯೋದಕ್ಕ ಕಾರಣ ಎರಡು. ಕತ್ತರಿ ನಿಂತ ಮೂಲಿ ಚೂಪಿದ್ರ ಸೀಳು ಅಲ್ಲಿಂದ ಓಡತೈತಿ, ಅದಕ್ಕ ಕತ್ತರಿಸೋಕಿಂತ ಮೊದಲ ಪಟ್ಟಿಯ ಎರಡೂ ಕಡೆ ಆ ಮೂಲಿಗೆ 5 ಮಿ.ಮೀ. ತೂತು ಹಾಕ್ರಿ. ಎರಡನೇದು, ಬಗ್ಗಿಸಿದ ಜಾಗಾ ಗಡಸಾಗತೈತಿ. ವಾಪಸ್ ನೆಟ್ಟಗ ಮಾಡಿದ್ರ ಬಿರುಕು ಗ್ಯಾರಂಟಿ. 12 ಮಿ.ಮೀ. ಸಳಿ ಮ್ಯಾಲೆ ಒಂದೇ ಸಲ ಬಗ್ಗಿಸ್ರಿ. ಮೊದಲ ರಟ್ಟಿನಾಗ ಅಳತಿಗೆ ಸರಿಯಾಗಿ ಪೂರ್ತಿ ಮಾಡಿ ನೋಡ್ರಿ.

ಗ್ರೈಂಡರ್ ಬ್ಯಾಡ, ವೆಲ್ಡಿಂಗೂ ಬ್ಯಾಡ. ಸತು ಸುಟ್ಟ ಬಿಳಿ ಹೊಗಿ ಕುಡಿದ್ರ ಚಳಿಜ್ವರ ಬರತೈತಿ. ಉಳಿಯಿಂದ ಒಂದು ಇಂಚು ಸೀಳಿ, ಅಲ್ಲಿಂದ ಕತ್ತರಿ ಹಾಕ್ರಿ. ಕೆಂಪು ಹಿಡಿಕಿ ಕತ್ತರಿ ಎಡಕ್ಕ ತಿರಗತೈತಿ, ಹಸಿರು ಬಲಕ್ಕ; ಗುಂಡು ಎಲಿಗೆ ಎರಡೂ ಬೇಕು. ಬಾಯಿ ಪೂರಾ ಮುಚ್ಚಿದ್ರ ಪ್ರತಿ ಸಲ ಅಂಚಿನಾಗ ಹಲ್ಲು ಬೀಳತಾವ, ಮುಕ್ಕಾಲು ಮುಚ್ಚಿ ಮುಂದ ಸರೀರಿ. ಹಿಡಿಕಿಗೆ 4 ಸೆಂ.ಮೀ. ಅಗಲದ ಪತ್ರಾ ಬಿಟ್ಟು ಅದ ಸಳಿಗೆ ಸುತ್ತಿದ್ರ ಒಂದು ಸುತ್ತು ಸರಿಯಾಗಿ ಕೂಡತೈತಿ. ಚರ್ಮದ ಕೈಗವಸು ಹಾಕ್ಕೋರಿ, ಅಂಚಿಗೆ ಅರ ಹಾಕೂದು ಮರೀಬ್ಯಾಡ್ರಿ.

ಕಲಾಶಿಕ್ಷಕಿ, ಬಾಗಲಕೋಟೆ:
ಬೀಸಣಿಕೆ ಮಾತು ನನಗೂ ಸರಿ ಅನಿಸಿತು. ಗಿಟಾರ್ ಬದಲು ಏಕತಾರಿ ಇಟ್ಟರೆ ವುಡ್ರೋ ಅವರ ಕೆಲಸಕ್ಕೆ ನಮ್ಮೂರಿನ ಬಟ್ಟೆ ತೊಡಿಸಿದಂತಾಗುತ್ತದೆ, ಅಷ್ಟೇ. ಅದೇ 1981ರಲ್ಲಿ ಅವರು ಕಾರಿನ ಬಾಗಿಲು, ಇಸ್ತ್ರಿ ಮೇಜು, ವಾಷಿಂಗ್ ಮಷೀನ್ ಮೂರರಿಂದ ಅಮೆರಿಕದ ಮೂಲನಿವಾಸಿಗಳ ಗರಿಯ ತಲೆಯುಡುಗೆ ತೆಗೆದರು. ತಾಯಿ ವಸ್ತುವಿನ ಗುರುತು ಅಳಿಯಬಾರದು, ಹುಟ್ಟಿದ ವಸ್ತುವಿನ ಗುರುತೂ ತಟ್ಟನೆ ಸಿಗಬೇಕು. ಹಾಗಾಗಿ ಬಣ್ಣ ಬಳಿಯಬೇಡಿ. ಕೂಲರಿನ ಬಣ್ಣವೇ ಬೀಸಣಿಕೆಯ ಮೇಲೂ ಕಂಡರೆ ಕಣ್ಣು ಪಟ್ಟಿಯ ಗುಂಟ ಓಡಾಡುತ್ತದೆ. ಒಳಗಿನ ಫ್ಯಾನ್ ಎಲೆಯನ್ನೂ ಹಾಗೇ ಇರಿಸಿ, ವೈರಿನ ಪಿನ್ ಮಾತ್ರ ಕತ್ತರಿಸಿಬಿಡಿ.

ಶಿಲ್ಪ ವಿಭಾಗ, ವಿಜಯಪುರ:
ಬೀಸಣಿಕಿನೇ ಮಾಡ್ತೀನ್ರಿ. ಅದು ಕೂಲರಿನ ಮ್ಯಾಲೆ ನೆಟ್ಟಗ ನಿಲ್ತದೇನ್ರಿ?

ಪತ್ರಾ ಕೆಲಸ, ಬೆಳಗಾವಿ:
ನಿಲ್ಲೂದಿಲ್ಲ. 24 ಗೇಜಿನಾಗ ಅದು ಸುಮಾರು 350 ಗ್ರಾಂ ಆಗತೈತಿ, 3 ಸೆಂ.ಮೀ. ಪಟ್ಟಿ ಒಂದು ಗಾಳಿಗೆ ಬಗ್ಗತೈತಿ. ಮೂಲಿ ದಾಟಿಸಿ ಕೆಳಗ ತೂಗಬಿಡ್ರಿ. ಹಂಗ ಮಡಚಿದ್ರ ಬಣ್ಣದ ಮಗ್ಗಲು ಒಳಗ ಹೋಗತೈತಿ. ಪಟ್ಟಿಗೆ ಕೈಯಿಂದ, ನಿಧಾನಕ, ಅರ್ಧ ತಿರುವು ಕೊಡ್ರಿ, ಬಣ್ಣ ಹೊರಗ ಬರತೈತಿ. ಇಕ್ಕಳ ಹಚ್ಚಿದ್ರ ಪಟ್ಟಿ ಮ್ಯಾಲೆ ಅದರ ಹಲ್ಲಿನ ಗುರುತು ಉಳಿತಾವ.