ಎಂ 66 ಗ್ಯಾಲಕ್ಸಿ ಪಕ್ಕ ಹೊಸ ಚುಕ್ಕೆ ಕಾಣಿಸಿದೆ, ಯಾರಿಗೆ ತಿಳಿಸಬೇಕು?

ಸ್ಟುಡಿಯೋ ಚಳ್ಳಕೆರೆ:
ಎಲ್ಲರಿಗೂ ನಮಸ್ಕಾರ. ಚಳ್ಳಕೆರೆಯಲ್ಲಿ ನಂದೊಂದು ಫೋಟೋ ಸ್ಟುಡಿಯೋ ಇದೆ. ಮದುವೆ ಆರ್ಡರ್ ಇಲ್ಲದ ರಾತ್ರಿ ಆರು ಇಂಚಿನ ಟೆಲಿಸ್ಕೋಪ್ ತೆಗೆದುಕೊಂಡು ಮಾವನವರ ಹೊಲಕ್ಕೆ ಹೋಗುತ್ತೇನೆ. ಶೇಂಗಾ ಕಿತ್ತು ಖಾಲಿ ಬಿಟ್ಟಿರುವ ಹೊಲ, ಸುತ್ತ ಒಂದು ದೀಪ ಇಲ್ಲ.

ಶನಿವಾರ ರಾತ್ರಿ 12.40ಕ್ಕೆ ಸಿಂಹ ರಾಶಿ ಸರಿಯಾಗಿ ನೆತ್ತಿ ಮೇಲಿತ್ತು. ಎಂ 66 ಗ್ಯಾಲಕ್ಸಿಯ 20 ಫೋಟೋ ತೆಗೆದೆ, ಒಂದೊಂದು 30 ಸೆಕೆಂಡ್. ಎಲ್ಲ ಸೇರಿಸಿ ನೋಡಿದರೆ ಗ್ಯಾಲಕ್ಸಿಯ ಅಂಚಿನಲ್ಲಿ ಒಂದು ಚುಕ್ಕೆ. ಕಳೆದ ವರ್ಷದ ನನ್ನ ಫೋಟೋದಲ್ಲಿ ಅದು ಇಲ್ಲ. ಹೊಳಪು 14ರ ಆಸುಪಾಸು (ಈ ಅಂಕಿ ಕಡಿಮೆಯಾದಷ್ಟೂ ಹೊಳಪು ಜಾಸ್ತಿ). ಗಾಳಿಗೆ ಟ್ಯೂಬ್ ಅಲುಗಾಡಿ ಚುಕ್ಕೆ ಸ್ವಲ್ಪ ಉದ್ದ ಬಂದಿದೆ. ಎರಡು ರಾತ್ರಿಯಿಂದ ನಿದ್ದೆ ಇಲ್ಲ. ಸೂಪರ್‌ನೋವಾ, ಅಂದರೆ ಸಿಡಿದ ನಕ್ಷತ್ರ ಆಗಿದ್ದರೆ ಎಲ್ಲಿ, ಹೇಗೆ ವರದಿ ಮಾಡಬೇಕು?

ಬೆಣ್ಣೆನಗರಿ ಅಕ್ಕ:
ತಮ್ಮಾ, ವರದಿ ಮಾಡುವ ಜಾಗ ಟ್ರಾನ್ಸಿಯೆಂಟ್ ನೇಮ್ ಸರ್ವರ್ ಅನ್ನೋ ವೆಬ್‌ಸೈಟ್. 2016ರಿಂದ ಅಂತಾರಾಷ್ಟ್ರೀಯ ಖಗೋಳ ಒಕ್ಕೂಟದ ಅಧಿಕೃತ ವ್ಯವಸ್ಥೆ ಅದೇ. ಹವ್ಯಾಸಿಗಳೂ ಖಾತೆ ತೆರೆಯಬಹುದು. ಮೊದಲು ಅಲ್ಲೇ ಹುಡುಕಿ ನೋಡು, ಬೇರೆಯವರು ಆಗಲೇ ಹಾಕಿರಬಹುದು. ಚುಕ್ಕೆ ಇರುವ ಜಾಗ, ಹೊಳಪು, ಬಳಸಿದ ಫಿಲ್ಟರ್, ಕೊನೆಯ ಸಲ ಅದು ಇಲ್ಲದೆ ತೆಗೆದ ಫೋಟೋದ ದಿನಾಂಕ ಎಲ್ಲ ಬೇಕು. ಸಮಯ ಹಾಕುವಾಗ ಹುಷಾರು, ಅಲ್ಲಿ ಗ್ರೀನಿಚ್ ಸಮಯ ಹಾಕಬೇಕು. ನಿನ್ನ 12.40 ಅಂದರೆ ನಮಗೆ ಭಾನುವಾರ ಆಗಿಹೋಗಿದೆ. ಐದೂವರೆ ಗಂಟೆ ಕಳೆದರೆ ಅವರ ಲೆಕ್ಕದಲ್ಲಿ ಇನ್ನೂ ಶನಿವಾರ ಸಂಜೆ 7.10. ಇಲ್ಲೇ ತುಂಬಾ ಜನ ಒಂದು ದಿನ ತಪ್ಪುತ್ತಾರೆ.

ವರದಿ ಆದ ಕೂಡಲೇ ಸಿಗುವ ಹೆಸರಿನ ಮುಂದೆ ‘ಎಟಿ’ ಇರುತ್ತದೆ. ಯಾರಾದರೂ ದೊಡ್ಡ ಟೆಲಿಸ್ಕೋಪಿನಲ್ಲಿ ಅದರ ಬೆಳಕನ್ನು ಬಿಡಿಸಿ ನೋಡಿ, ಇದು ಸೂಪರ್‌ನೋವಾನೇ ಅಂತ ಖಚಿತ ಮಾಡಿದ ಮೇಲೆ ‘ಎಸ್‌ಎನ್’ ಆಗುತ್ತದೆ.

ದುರ್ಗದ ಮೇಷ್ಟ್ರು:
ಸ್ವಲ್ಪ ತಡೀರಿ. ನೀವು ಹೇಳಿದ ಒಂದು ಮಾತು ನನ್ನನ್ನು ಕಾಡುತ್ತಿದೆ. ಚುಕ್ಕೆ ಉದ್ದ ಬಂದಿದೆ ಅಂದಿರಿ. ಗಾಳಿಗೆ ಟ್ಯೂಬ್ ಅಲುಗಾಡಿದ್ದರೆ ಅಕ್ಕಪಕ್ಕದ ನಕ್ಷತ್ರಗಳೂ ಅಷ್ಟೇ ಉದ್ದ ಬರಬೇಕು, ಅಲ್ವಾ? ಅವು ದುಂಡಗಿದ್ದು ಇದೊಂದೇ ಉದ್ದ ಇದ್ದರೆ ಅದು ಓಡಾಡುವ ವಸ್ತು, ಕ್ಷುದ್ರಗ್ರಹ. ಸಿಂಹ ರಾಶಿ ಗ್ರಹಗಳ ದಾರಿಯಲ್ಲೇ ಇದೆ. ಮಾರ್ಚ್‌ನಲ್ಲಿ ನಡುರಾತ್ರಿ ನೆತ್ತಿ ಮೇಲಿರುವ ಆ ಜಾಗದಲ್ಲಿ ಕ್ಷುದ್ರಗ್ರಹಗಳು ಜಾಸ್ತಿ ಸಿಗುತ್ತವೆ. ಸೇರಿಸಿದ ಫೋಟೋ ಬಿಡಿ. ಮೊದಲನೆಯದನ್ನೂ ಇಪ್ಪತ್ತನೆಯದನ್ನೂ ಒಂದರ ಮೇಲೊಂದು ಇಟ್ಟು ಬದಲಿಸಿ ಬದಲಿಸಿ ನೋಡಿ. ಆಮೇಲೆ ಕ್ಷುದ್ರಗ್ರಹಗಳ ಲೆಕ್ಕ ಇಡುವ ಮೈನರ್ ಪ್ಲಾನೆಟ್ ಸೆಂಟರ್‌ನ ವೆಬ್‌ಸೈಟ್ ಹುಡುಕಾಟದಲ್ಲಿ ಆ ಹೊತ್ತು, ಆ ಜಾಗ ಹಾಕಿ.

ಸ್ಟುಡಿಯೋ ಚಳ್ಳಕೆರೆ:
ಮೇಷ್ಟ್ರೇ, ನೀವು ಹೇಳಿದ್ದೇ ನಿಜ. ನಕ್ಷತ್ರಗಳೆಲ್ಲ ದುಂಡಗಿವೆ. ಹತ್ತು ನಿಮಿಷದಲ್ಲಿ ಚುಕ್ಕೆ ಐದು ಪಿಕ್ಸೆಲ್ ಪಶ್ಚಿಮಕ್ಕೆ ಜರುಗಿದೆ. ಹುಡುಕಾಟದಲ್ಲೂ ಅದೇ ಜಾಗಕ್ಕೆ ಕ್ಷುದ್ರಗ್ರಹವೊಂದು ಸಿಕ್ಕಿತು. ತುಂಬಾ ಬೇಜಾರಾಯಿತು. ಮನೆಯವಳಿಗೂ ಹೇಳಿಬಿಟ್ಟಿದ್ದೆ.

ದುರ್ಗದ ಮೇಷ್ಟ್ರು:
ಬೇಜಾರು ಮಾಡ್ಕೋಬೇಡಿ. ಆ ಫೋಟೋ ಅಳಿಸಲೂ ಬೇಡಿ. ಅದೇ ಗ್ಯಾಲಕ್ಸಿಯಲ್ಲಿ ನಾಳೆ ಏನಾದರೂ ಸಿಡಿದರೆ, ‘ಶನಿವಾರದವರೆಗೆ ಇಲ್ಲಿ ಏನೂ ಇರಲಿಲ್ಲ’ ಅಂತ ಹೇಳುವ ಸಾಕ್ಷಿ ಅದು.

2023ರ ಮೇ 19ರಂದು ಜಪಾನಿನ ಹವ್ಯಾಸಿ ಕೊಯಿಚಿ ಇಟಗಾಕಿ ಎಂ 101 ಗ್ಯಾಲಕ್ಸಿಯಲ್ಲಿ ಒಂದು ಸೂಪರ್‌ನೋವಾ ಕಂಡುಹಿಡಿದರು. ಅದೇ ಎಸ್‌ಎನ್ 2023ಐಎಕ್ಸ್‌ಎಫ್. ಆಮೇಲೆ ಬೇರೆ ಬೇರೆ ದೇಶದ ಹವ್ಯಾಸಿಗಳು ತಮ್ಮ ಹಳೇ ಫೋಟೋ ತೆಗೆದು ನೋಡಿದರು. ಚಂದಕ್ಕೆ ಅಂತ ತೆಗೆದ ಫೋಟೋಗಳು ಅವು. ಕೆಲವದರಲ್ಲಿ ಏನೂ ಇಲ್ಲ, ಕೆಲವದರಲ್ಲಿ ಮಸುಕು ಚುಕ್ಕೆ. ಅವನ್ನು ಜೋಡಿಸಿಯೇ ಸ್ಫೋಟದ ಸಮಯವನ್ನು ಕೆಲವೇ ಗಂಟೆಗಳ ಅಂದಾಜಿಗೆ ತಂದರು. ಕಂಡಾಗ 15ರ ಹತ್ತಿರ ಇದ್ದದ್ದು ಒಂದು ವಾರದೊಳಗೆ 11ಕ್ಕೆ ಏರಿತು. ನಾನೂ ಮನೆ ಮಹಡಿ ಮೇಲಿಂದ ಮೋಡದ ಸಂದಿಯಲ್ಲಿ ಒಂಬತ್ತು ರಾತ್ರಿ ಅಳೆದೆ. ಪಕ್ಕದಲ್ಲಿ ಹೊಳಪು ಗೊತ್ತಿರುವ ಎರಡು ನಕ್ಷತ್ರ ಇಟ್ಟುಕೊಂಡು ಹೋಲಿಸೋದು, ಬರೆದಿಡೋದು, ಅಷ್ಟೇ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ನಿಂತಿತು. ಹೊಸದನ್ನು ಹುಡುಕಲು ಈಗ ಬೆಟ್ಟದ ಮೇಲೆ ದೊಡ್ಡ ಯಂತ್ರಗಳೇ ಇವೆ. ಸಿಕ್ಕಿದ್ದನ್ನು ರಾತ್ರಿ ರಾತ್ರಿ ಬಿಡದೆ ನೋಡೋಕೆ ನಮ್ಮಂಥವರು ಬೇಕು. ನಿಮ್ಮ ಹೊಲದಂಥ ಕತ್ತಲು ನನಗೆ ದುರ್ಗದಲ್ಲಿ ಸಿಗಲ್ಲ.

ಸ್ಟುಡಿಯೋ ಚಳ್ಳಕೆರೆ:
ನಿನ್ನೆ ಮತ್ತೆ ಹೋಗಿದ್ದೆ. ಎಂ 66, ಎಂ 65, ಪಕ್ಕದ ಎನ್‌ಜಿಸಿ 3628 ಮೂರೂ ಗ್ಯಾಲಕ್ಸಿ ಒಂದೇ ಫೋಟೋದಲ್ಲಿ ಬಂದವು. ಒಂದು ಗಂಟೆ ಬಿಟ್ಟು ಇನ್ನೊಂದು ಸಲ ತೆಗೆದೆ. ಹೊಸದೇನೂ ಇಲ್ಲ. ಫೈಲ್ ಹೆಸರಲ್ಲಿ ಅಕ್ಕ ಹೇಳಿದ ಲೆಕ್ಕದಲ್ಲೇ ದಿನಾಂಕ, ಸಮಯ ಹಾಕಿದ್ದೇನೆ. ಇವತ್ತು ಎಂ 95, ಎಂ 96. 2012ರಲ್ಲಿ ಎಂ 95ರಲ್ಲಿ ಒಂದು ಸಿಡಿದಿತ್ತಂತೆ. ಮೇಷ್ಟ್ರೇ, ಆ ಹೋಲಿಸುವ ನಕ್ಷತ್ರಗಳನ್ನು ಆರಿಸೋದು ಹೇಗೆ ಅಂತ ಬಿಡುವಾದಾಗ ಸ್ವಲ್ಪ ಬಿಡಿಸಿ ಬರೀರಿ.